ವಿಮಾನದ ಸದ್ದು, ನಮ್ಮ ಅಹವಾಲು



ಸ್ವಸಹಾಯ ಸಂಘಗಳ ಸಭೆಯಲ್ಲಿ ವಿಮಾನ ನಿಲ್ದಾಣದ ಮಾತೆತ್ತಿದರೆ ಸೊರಬ, ಶಿಕಾರಿಪುರ ಕಡೆಯ ನಮ್ಮ ಮಹಿಳೆಯರು ನಗುತ್ತಾರೆ. "ಬಸ್ಸಿಗೇ ಗಂಟೆಗಟ್ಟಲೆ ಕಾಯೋರು ನಾವು. ವಿಮಾನದ ಕಥೆ ನಮಗ್ಯಾಕೆ ಸಿಸ್ಟರ್?" ಅಂತ ಕೇಳುತ್ತಾರೆ. ಕೇಳುವುದು ಸರಿಯೇ. ಕುಬಟೂರಿನಿಂದ ಶಿವಮೊಗ್ಗದ ಸೊಗಾನೆ ದೂರ. ಅಲ್ಲಿ ವಿಮಾನ ಇಳಿದರೆ ಇಲ್ಲಿ ಕೊಟ್ಟಿಗೆಯ ದನವೂ ತಲೆ ಎತ್ತುವುದಿಲ್ಲ.

ಆದರೂ ಈ ವಿಷಯ ನಮಗೆ ಬೇಕು. ಒಂದು ದೊಡ್ಡ ಯೋಜನೆ ಊರಿಗೆ ಬರುವ ಮೊದಲು ಸರ್ಕಾರ ಜನರ ಅಭಿಪ್ರಾಯ ಕೇಳಬೇಕು ಎಂಬ ಕಾನೂನು ಇದೆ. ಆ ಕಾನೂನು ವಿಮಾನ ನಿಲ್ದಾಣಕ್ಕೂ ಒಂದೇ, ದೊಡ್ಡ ಗಣಿಗೂ ಒಂದೇ, ಅಣೆಕಟ್ಟಿಗೂ ಒಂದೇ. ಜನ ಹೇಗೆ ಉತ್ತರ ಕೊಟ್ಟರೆ ಅದಕ್ಕೆ ಬೆಲೆ ಬರುತ್ತದೆ, ಹೇಗೆ ಕೊಟ್ಟರೆ ಅದು ಕಡತದಲ್ಲಿ ಸತ್ತುಹೋಗುತ್ತದೆ ಎಂಬುದನ್ನು ವಿಮಾನದ ಸದ್ದಿನ ಉದಾಹರಣೆಯಿಂದ ಚೆನ್ನಾಗಿ ತಿಳಿಯಬಹುದು.

ಸೊಗಾನೆಯಲ್ಲಿ ಏನಾಯಿತು?

ಸೊಗಾನೆಯ ವಿಮಾನ ನಿಲ್ದಾಣದ ಕೆಲಸಕ್ಕೆ ಚಾಲನೆ ಸಿಕ್ಕಿದ್ದು 2008ರಲ್ಲಿ. ನಡುವೆ ಹಲವು ವರ್ಷ ಕೆಲಸ ನಿಂತಿತ್ತು. ಕೊನೆಗೆ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ನಿಲ್ದಾಣಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರಿಟ್ಟರು. ರನ್‌ವೇ ಉದ್ದ ಸುಮಾರು 3.2 ಕಿಲೋಮೀಟರ್. ಅಂದರೆ ದೊಡ್ಡ ವಿಮಾನವೂ ಇಳಿಯಬಹುದು.

ಇದರಿಂದ ಜಿಲ್ಲೆಗೆ ಅನುಕೂಲ ಆಗಿಲ್ಲ ಎಂದು ಯಾರೂ ಹೇಳುವುದಿಲ್ಲ. ಆದರೆ ಭೂಮಿ ಬಿಟ್ಟುಕೊಟ್ಟ ರೈತರು ತಮಗೆ ಹೇಳಿದ್ದ ನಿವೇಶನಕ್ಕಾಗಿ ಆಮೇಲೂ ಹೋರಾಟ ಮಾಡಬೇಕಾಯಿತು. ಇದು ಪತ್ರಿಕೆಗಳಲ್ಲಿ ಬಂದ ಸಂಗತಿ. ಇನ್ನೊಂದು ಸಂಗತಿಗೆ ಅಷ್ಟು ಗಮನ ಸಿಗಲಿಲ್ಲ. ನಿಲ್ದಾಣ ಆರಂಭವಾದಾಗ ರಾತ್ರಿ ಇಳಿಯುವ ಸೌಲಭ್ಯ ಇರಲಿಲ್ಲ. ನಂತರ ಅದಕ್ಕಾಗಿ ಪ್ರಯತ್ನ ನಡೆಯಿತು. ಹಗಲಿನಲ್ಲಿ ಬರುವ ನಾಲ್ಕು ವಿಮಾನ ಒಂದು ಲೆಕ್ಕ, ನಡುರಾತ್ರಿ ಬರುವ ಒಂದು ವಿಮಾನ ಬೇರೆಯೇ ಲೆಕ್ಕ. ಹಸುಗೂಸು ಇರುವ ಮನೆ, ಹಾಸಿಗೆ ಹಿಡಿದ ಮುದುಕರಿರುವ ಮನೆ, ಬೆಳಗಿನ ಜಾವ ಎದ್ದು ಕೂಲಿಗೆ ಹೋಗುವವರ ಮನೆ, ಇವುಗಳಿಗೆ ರಾತ್ರಿಯ ನಿದ್ದೆ ಅಂದರೆ ಆರೋಗ್ಯ, ಮರುದಿನದ ದುಡಿಮೆ.

ಸದ್ದನ್ನು ಅಳೆಯುವುದು ಹೇಗೆ?

ಸದ್ದನ್ನು ಡೆಸಿಬಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಈ ಅಳತೆ ನಮ್ಮ ಸೇರು, ಕಿಲೋ ಹಾಗಲ್ಲ. 10 ಡೆಸಿಬಲ್ ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟು ಹೆಚ್ಚುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಕೇಳಿಸುತ್ತದೆ. ಆದ್ದರಿಂದ "ಬರೀ ಹತ್ತು ತಾನೇ ಹೆಚ್ಚು" ಎಂದು ಯಾರಾದರೂ ಹೇಳಿದರೆ ತಲೆಯಾಡಿಸಬೇಡಿ.

ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ಜನವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು. ರಾತ್ರಿ ಅಂದರೆ 10 ಗಂಟೆಯಿಂದ ಬೆಳಿಗ್ಗೆ 6ರವರೆಗೆ. ಆದರೆ ವಿಮಾನ ನಿಲ್ದಾಣದ ಸುತ್ತಲಿನ ಶಬ್ದವಲಯಕ್ಕೆ 2018ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಬೇರೆ ಮಿತಿ ಹಾಕಿತು. ವರ್ಷಕ್ಕೆ 50,000ಕ್ಕಿಂತ ಹೆಚ್ಚು ಸಲ ವಿಮಾನ ಏರಿಳಿಯುವ ನಿಲ್ದಾಣಕ್ಕೆ ಹಗಲು 70, ರಾತ್ರಿ 65. ಉಳಿದ ನಿಲ್ದಾಣಗಳಿಗೆ ಹಗಲು 65, ರಾತ್ರಿ 60. ಇನ್ನೂ ಪ್ರಸ್ತಾವದಲ್ಲಿರುವ ನಿಲ್ದಾಣಗಳನ್ನು ಈ ಪಟ್ಟಿಯಿಂದ ಹೊರಗಿಟ್ಟಿದ್ದಾರೆ. ಹಾಗಾದರೆ ಹೊಸ ನಿಲ್ದಾಣದ ಪಕ್ಕದ ಊರಿಗೆ ಯಾವ ಅಳತೆ ಹಿಡಿಯುತ್ತೀರಿ? ಅಹವಾಲು ಸಭೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು.

ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗಾಗಿ 2018ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ವಿಮಾನದ ಸದ್ದು ರಾತ್ರಿ 40 ಡೆಸಿಬಲ್ ಒಳಗೆ ಇರಲಿ ಎಂದು ಸಲಹೆ ಕೊಟ್ಟಿದೆ. ನಮ್ಮ 60 ಎಲ್ಲಿ, ಆ 40 ಎಲ್ಲಿ, ನೀವೇ ನೋಡಿ.

ಸರಾಸರಿ ಎಂಬ ಮುಸುಕು

ಈ ಮಿತಿಗಳೆಲ್ಲ ಸರಾಸರಿಯ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ಅರ್ಥ ಮಾಡಿಕೊಳ್ಳೋಣ. ಒಂದು ರಾತ್ರಿ ಅಂದರೆ 8 ಗಂಟೆ. ಅದರಲ್ಲಿ ಒಂದೇ ಒಂದು ವಿಮಾನ ಅರ್ಧ ನಿಮಿಷ 80 ಡೆಸಿಬಲ್ ಸದ್ದು ಮಾಡಿಕೊಂಡು ಮನೆಯ ಮೇಲೆ ಹಾದುಹೋಯಿತು ಅಂತಿಟ್ಟುಕೊಳ್ಳಿ. ಉಳಿದ ಹೊತ್ತೆಲ್ಲ ಊರು ನಿಶ್ಶಬ್ದ. ಆ ಅರ್ಧ ನಿಮಿಷದ ಸದ್ದನ್ನು ಇಡೀ 8 ಗಂಟೆಗೆ ಹಂಚಿದರೆ ಬರುವ ಸರಾಸರಿ ಸುಮಾರು 50 ಡೆಸಿಬಲ್. ವರದಿಯಲ್ಲಿ "ಮಿತಿಯ ಒಳಗೇ ಇದೆ" ಎಂದು ಬರೆಯುತ್ತಾರೆ. ಅದು ಸುಳ್ಳಲ್ಲ. ಆದರೆ ತೊಟ್ಟಿಲಲ್ಲಿದ್ದ ಮಗು ಸರಾಸರಿ ಕೇಳಿ ಎಚ್ಚರಗೊಳ್ಳುವುದಿಲ್ಲ, ಆ ಅರ್ಧ ನಿಮಿಷಕ್ಕೆ ಬೆಚ್ಚಿಬಿದ್ದು ಅಳುತ್ತದೆ.

ಆದ್ದರಿಂದ ಸರಾಸರಿ ಎಷ್ಟು ಎಂದು ಕೇಳಿ ಸುಮ್ಮನಾಗಬಾರದು. ರಾತ್ರಿ ಎಷ್ಟು ವಿಮಾನ, ಎಷ್ಟು ಗಂಟೆಗೆ, ನಮ್ಮ ಊರಿನ ಮೇಲೆ ಎಷ್ಟು ಎತ್ತರದಲ್ಲಿ, ಒಂದೊಂದರ ಅತಿ ಹೆಚ್ಚಿನ ಸದ್ದು ಎಷ್ಟು, ಎಂದು ಬಿಡಿಸಿ ಕೇಳಬೇಕು.

ಬಾಗಿಲು ತೆರೆಯುವುದು ಯಾವಾಗ?

ಲಂಡನ್ನಿನ ಹೀಥ್ರೂ ನಿಲ್ದಾಣದ ಸುತ್ತಲಿನ ಜನರನ್ನು ಅಲ್ಲಿನ ಸರ್ಕಾರ ರಾತ್ರಿ ವಿಮಾನಗಳ ಬಗ್ಗೆ ಕೆಲವು ವರ್ಷಗಳಿಗೊಮ್ಮೆ ಅಭಿಪ್ರಾಯ ಕೇಳುತ್ತದೆ. ಅಲ್ಲಿ ರಾತ್ರಿ ವಿಮಾನಗಳಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇದೆ. ಎರಡು ರನ್‌ವೇ ಇರುವುದರಿಂದ ಮಧ್ಯಾಹ್ನ 3 ಗಂಟೆಗೆ ಇಳಿಯುವ ರನ್‌ವೇ ಬದಲಾಯಿಸುತ್ತಾರೆ. ಒಂದು ಕಡೆಯ ಊರಿಗೆ ಅರ್ಧ ದಿನವಾದರೂ ನೆಮ್ಮದಿ ಸಿಗಲಿ ಎಂಬ ಏರ್ಪಾಡು ಇದು.

ನಮ್ಮಲ್ಲಿ ಹಾಗಿಲ್ಲ. ವಿಮಾನಗಳ ವೇಳಾಪಟ್ಟಿಯನ್ನು ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಒಪ್ಪುತ್ತದೆ. ಅದಕ್ಕೆ ಮೊದಲು ಯಾರೂ ಊರಿಗೆ ಬಂದು ಕೇಳುವುದಿಲ್ಲ. ಜನರಿಗೆ ಕಾನೂನುಪ್ರಕಾರ ಬಾಗಿಲು ತೆರೆಯುವುದು ನಿಲ್ದಾಣ ಕಟ್ಟುವ ಮೊದಲು ಅಥವಾ ದೊಡ್ಡದಾಗಿ ವಿಸ್ತರಿಸುವ ಮೊದಲು, 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯಂತೆ ನಡೆಯುವ ಸಾರ್ವಜನಿಕ ಅಹವಾಲು ಸಭೆಯಲ್ಲಿ. ಅಂದು "ರಾತ್ರಿ ವಿಮಾನ ಬರುವುದಾದರೆ ಈ ಷರತ್ತು ಹಾಕಿ" ಎಂದು ಬರೆಸದಿದ್ದರೆ, ಹತ್ತು ವರ್ಷದ ನಂತರ ನಡುರಾತ್ರಿ ವಿಮಾನ ಬಂದಾಗ ಹೇಳಲು ಕಾಗದವೇ ಇರುವುದಿಲ್ಲ.

ಆ ಸಭೆಯ ನಿಯಮಗಳು ಹೀಗಿವೆ:

1. ಸಭೆ ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿಗಳದ್ದು, ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿಲ್ಲದ ಅಧಿಕಾರಿಯದ್ದು.

2. ಕನಿಷ್ಠ 30 ದಿನ ಮುಂಚೆ ಒಂದು ರಾಷ್ಟ್ರೀಯ ಪತ್ರಿಕೆಯಲ್ಲೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು.

3. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ ಮುಂತಾದ ಕಡೆ ಓದಲು ಸಿಗಬೇಕು. ಅದರ ಸಾರಾಂಶ ಕನ್ನಡದಲ್ಲೂ ಇರಬೇಕು.

4. ಸಭೆಗೆ ಬಂದ ಪ್ರತಿಯೊಬ್ಬರಿಗೂ ಪ್ರಶ್ನೆ ಕೇಳುವ ಅವಕಾಶ ಕೊಡಬೇಕು. ಇಡೀ ಸಭೆಯ ವಿಡಿಯೋ ಚಿತ್ರೀಕರಣ ಆಗಬೇಕು. ಬರಲಾಗದವರು ಬರವಣಿಗೆಯಲ್ಲಿ ಕಳಿಸಬಹುದು.

5. ಸಭೆಯ ಕೊನೆಗೆ ನಡಾವಳಿಯನ್ನು ಜನರ ಮುಂದೆ ಕನ್ನಡದಲ್ಲಿ ಓದಿ ಹೇಳಬೇಕು. ಆಮೇಲೆ ಅದನ್ನು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಪ್ರದರ್ಶಿಸಬೇಕು.

ಐದನೆಯದನ್ನು ನೆನಪಿಡಿ. ಊಟದ ಹೊತ್ತಾಯಿತು, ಬಸ್ಸು ಹೋಗುತ್ತದೆ ಎಂದು ಜನ ಎದ್ದುಬಿಟ್ಟಾಗಲೇ ನಡಾವಳಿ ಓದುವುದು. ಹತ್ತು ಜನವಾದರೂ ಕೊನೆಯವರೆಗೆ ಕೂತಿರಬೇಕು. ನಾವು ಹೇಳಿದ್ದು ಅದರಲ್ಲಿ ಇಲ್ಲದಿದ್ದರೆ ಅಲ್ಲಿಯೇ ಎದ್ದು ಹೇಳಬೇಕು.

ಇನ್ನೊಂದು ಮಾತು. ಎಲ್ಲ ಯೋಜನೆಗೂ ಈ ಸಭೆ ಇಲ್ಲ. ಉದಾಹರಣೆಗೆ ರೈಲು ಮಾರ್ಗ ಈ ಅಧಿಸೂಚನೆಯ ಪಟ್ಟಿಯಲ್ಲೇ ಇಲ್ಲ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಮಾರ್ಗದಂತಹ ಕಡೆ ಭೂಸ್ವಾಧೀನದ ನೋಟಿಸಿಗೆ ಅವಧಿಯೊಳಗೆ ಉತ್ತರ ಕೊಡುವುದು, ಗ್ರಾಮಸಭೆಯಲ್ಲಿ ಠರಾವು ಬರೆಸುವುದು, ಇವೇ ದಾರಿ.

ಇದು ಓಟು ಹಾಕುವ ಸಭೆಯಲ್ಲ

ತುಂಬಾ ಜನ ತಪ್ಪು ತಿಳಿಯುವುದು ಇಲ್ಲೇ. ಸಾವಿರ ಜನ "ಬೇಡ" ಎಂದರೆ ಯೋಜನೆ ನಿಲ್ಲುತ್ತದೆ, ಸಾವಿರ ಜನ "ಬೇಕು" ಎಂದರೆ ಬರುತ್ತದೆ ಎಂದು ಕಾನೂನು ಹೇಳುವುದಿಲ್ಲ. ಅಹವಾಲು ಸಭೆಯಲ್ಲಿ ಎದ್ದ ಪ್ರತಿ ಪ್ರಶ್ನೆಗೂ ಯೋಜನೆಯವರು ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು, ತಜ್ಞರ ಸಮಿತಿ ಅದನ್ನು ನೋಡಬೇಕು ಎಂದು ಹೇಳುತ್ತದೆ. ಅಂದರೆ ಒಂದೇ ವಾಕ್ಯಕ್ಕೆ ಸಾವಿರ ಸಹಿ ಹಾಕಿಸಿದರೆ ಅದು ಒಂದೇ ಪ್ರಶ್ನೆ. ಇಪ್ಪತ್ತು ಮನೆಯವರು ಇಪ್ಪತ್ತು ಬೇರೆ ಬೇರೆ ಪ್ರಶ್ನೆ ಬರೆದರೆ ಅವು ಇಪ್ಪತ್ತು ಉತ್ತರ ಬೇಡುತ್ತವೆ. ಜನ ಸೇರುವುದು ಬೇಡ ಅಂತಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಅಹವಾಲು ಸಭೆ ನಮ್ಮ ಪಕ್ಕದ ಸಾಗರ ತಾಲ್ಲೂಕಿನಲ್ಲಿ ನಡೆದಾಗ ಜನ ದೊಡ್ಡ ಸಂಖ್ಯೆಯಲ್ಲಿ ಬಂದು ಮಾತಾಡಿದರು. ಸಂಖ್ಯೆ ಧೈರ್ಯ ಕೊಡುತ್ತದೆ. ಕಡತದಲ್ಲಿ ಉಳಿಯುವುದು ಮಾತ್ರ ಬರೆದುಕೊಟ್ಟ ಪ್ರಶ್ನೆ.

"ವಿಮಾನದಿಂದ ನಮಗೆ ತುಂಬಾ ತೊಂದರೆ ಆಗುತ್ತೆ" ಎಂದು ಬರೆದರೆ "ತೊಂದರೆ ಆಗದಂತೆ ನೋಡಿಕೊಳ್ಳುತ್ತೇವೆ" ಎಂಬ ಉತ್ತರ ಬರುತ್ತದೆ. ಅದರ ಬದಲು ಹೀಗೆ ಬರೆಯಿರಿ: "ನಮ್ಮ ಶಾಲೆ ರನ್‌ವೇ ತುದಿಯಿಂದ ಇಷ್ಟು ದೂರದಲ್ಲಿದೆ. 60 ಮಕ್ಕಳು ಇದ್ದಾರೆ. ಶಾಲೆಯ ಹೊತ್ತಿನಲ್ಲಿ ಎಷ್ಟು ವಿಮಾನ ಹಾದುಹೋಗುತ್ತವೆ? ಶಾಲೆಯ ಬಳಿ ಈಗಿನ ಸದ್ದನ್ನು ಅಳೆದಿದ್ದೀರಾ? ಎಂದು, ಎಷ್ಟು ಹೊತ್ತು? ಸದ್ದು ತಡೆಯುವ ಕಿಟಕಿ ಬಾಗಿಲಿನ ಖರ್ಚು ಯಾರದ್ದು?" ಇದಕ್ಕೆ ಹಾರಿಕೆಯ ಉತ್ತರ ಕೊಡುವುದು ಕಷ್ಟ.

ಊರು, ಜಾಗ, ಹೊತ್ತು, ಯಾರಿಗೆ ಏನಾಗುತ್ತದೆ, ನಮಗೆ ಏನು ಬೇಕು, ಈ ಐದು ಇದ್ದರೆ ಸಾಕು. ಭಾಷೆ ಚೆಂದ ಇರಬೇಕಿಲ್ಲ. ಮಗು ಯಾವಾಗ ಏಳುತ್ತದೆ, ಎಮ್ಮೆ ಯಾವಾಗ ಹಾಲು ಕೊಡುತ್ತದೆ, ಅತ್ತೆಯ ಎದೆಬಡಿತ ಯಾವಾಗ ಏರುತ್ತದೆ, ಇದನ್ನೆಲ್ಲ ಬಲ್ಲವರು ಮನೆಯ ಹೆಂಗಸರು. ಸಭೆಗೆ ಗಂಡಸರನ್ನು ಮಾತ್ರ ಕಳಿಸಿದರೆ ಈ ಸಾಕ್ಷಿ ಹೋಗುವುದೇ ಇಲ್ಲ.

ಬರೆದದ್ದು ಉಳಿಯುತ್ತದೆ

ಮಂಗಳೂರಿನ ಬಜಪೆ ವಿಮಾನ ನಿಲ್ದಾಣದ ಎರಡನೇ ರನ್‌ವೇ ಬೇಡ ಎಂದು ಅಲ್ಲಿನ ನಿವಾಸಿಗಳು ಸಮಿತಿ ಕಟ್ಟಿಕೊಂಡು 1997ರಲ್ಲೇ ಹೈಕೋರ್ಟಿಗೆ ಹೋದರು. ಗುಡ್ಡದ ತಲೆಯ ಮೇಲೆ ರನ್‌ವೇ, ತುದಿಯಲ್ಲಿ ಕಂದರ, ವಿಮಾನ ಜಾರಿದರೆ ನಿಲ್ಲಲು ಜಾಗವಿಲ್ಲ ಎಂಬುದು ಅವರ ಆತಂಕ. 2002ರಲ್ಲಿ ಮತ್ತೆ ಅರ್ಜಿ ಹಾಕಿದರು. ಅರ್ಜಿಗಳು ವಜಾ ಆದವು. ಸುಪ್ರೀಂ ಕೋರ್ಟ್ 2003ರಲ್ಲಿ ಎಲ್ಲ ಕಾನೂನು ಪಾಲಿಸಿ ಎಂದು ಹೇಳಿತು, ರನ್‌ವೇ ಬಂತು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಆ ರನ್‌ವೇ ದಾಟಿ ಕಂದರಕ್ಕೆ ಬಿತ್ತು. 158 ಜನ ಸತ್ತರು, 8 ಜನ ಬದುಕಿದರು. ತನಿಖೆ ಪೈಲಟ್‌ನ ಲೋಪವನ್ನೇ ಮುಖ್ಯ ಕಾರಣವೆಂದಿತು. ಅದನ್ನು ಅಲ್ಲಗಳೆಯುವುದು ನಮ್ಮ ಕೆಲಸವಲ್ಲ. ಆದರೆ ಕಂದರದ ಪ್ರಶ್ನೆಯನ್ನು ಊರಿನ ಜನ 13 ವರ್ಷ ಮೊದಲೇ ಬರೆದುಕೊಟ್ಟಿದ್ದರು. "ಹಳ್ಳಿಯವರಿಗೆ ವಿಮಾನದ ವಿಷಯ ಏನು ಗೊತ್ತು?" ಎಂದು ಆಮೇಲೆ ಯಾರೂ ಕೇಳುವಂತಿರಲಿಲ್ಲ.

ಕುಬಟೂರಿನವರಿಗೆ ಬರಹದ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕೈಟಭೇಶ್ವರ ದೇವಸ್ಥಾನದ ಊರು ಅದು, ಶಾಸನಗಳ ಊರು. ಯಾರು, ಯಾವಾಗ, ಯಾವ ಭೂಮಿಯನ್ನು, ಯಾವುದಕ್ಕೆ ಬಿಟ್ಟರು ಎಂದು ಕಲ್ಲಿನ ಮೇಲೆ ಬರೆದಿಟ್ಟಿದ್ದರಿಂದಲೇ ಒಂಬೈನೂರು ವರ್ಷದ ಮೇಲೂ ನಮಗೆ ತಿಳಿಯುತ್ತದೆ. ಬಾಯಿಮಾತಿನ ಭರವಸೆಗಳು ಎಷ್ಟು ಹೋದವೋ ಲೆಕ್ಕವಿಲ್ಲ.

ಸಭೆ ಮುಗಿದ ಮೇಲೆ

ಪರಿಸರ ಅನುಮತಿ ಸಿಕ್ಕ ಮೇಲೂ ಕೆಲಸ ಇದೆ. ಅನುಮತಿಯಲ್ಲಿ ಷರತ್ತುಗಳಿರುತ್ತವೆ. ಅವನ್ನು ಪಾಲಿಸಿದ ಬಗ್ಗೆ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಕೊಡಬೇಕು. ಆ ವರದಿ ಸಾರ್ವಜನಿಕ ದಾಖಲೆ. ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. ಅನುಮತಿಯೇ ಸರಿಯಿಲ್ಲ ಎನಿಸಿದರೆ 30 ದಿನದೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಬಹುದು. ತಡವಾಗಿದ್ದಕ್ಕೆ ಸರಿಯಾದ ಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು, ಅದರ ಮೇಲೆ ಇಲ್ಲ. ದಕ್ಷಿಣದ ಪೀಠ ಚೆನ್ನೈಯಲ್ಲಿದೆ.

ಮುಂದಿನ ತಿಂಗಳ ಸಂಘದ ಸಭೆಯಲ್ಲಿ ಈ ಮೂರು ಪ್ರಶ್ನೆ ಚರ್ಚಿಸಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ:

• ನಮ್ಮ ಪಂಚಾಯಿತಿಯ ಸೂಚನಾ ಫಲಕವನ್ನು ವಾರಕ್ಕೊಮ್ಮೆ ಓದಿ ಬಂದು ಹೇಳುವ ಜವಾಬ್ದಾರಿ ಯಾರದ್ದು?

• ನಮ್ಮ ಊರಿನ ಶಾಲೆ, ಅಂಗನವಾಡಿ, ಕೆರೆ, ದನಕರು, ಹಾಸಿಗೆ ಹಿಡಿದವರು, ಇವರ ಪಟ್ಟಿ ನಮ್ಮ ಹತ್ತಿರ ಇದೆಯೇ?

• ಅಹವಾಲು ಸಭೆ ನಡೆದರೆ ಕೊನೆಯವರೆಗೆ ಕೂರುವ ಹತ್ತು ಜನ ಯಾರು?

ಮೂರನೆಯದಕ್ಕೆ ಹೆಸರು ಬರೆಯುವಾಗ ಅದರಲ್ಲಿ ಐದಾದರೂ ಮಹಿಳೆಯರದ್ದಿರಲಿ.