ಎಂಬತ್ತು ಕಾಲಂ, ಒಂದು ಓರೆಗೆರೆ

ಚೆನ್ನೈನ ಮಂದವೇಲಿಯ ಆ ಮನೆಗೆ ನಾನು ಹೋದದ್ದು ಒಂದು ಬಿಸ್ಕತ್ತಿನ ಡಬ್ಬಿ ನೋಡಲು. ಒಳಗಿರುವುದು ಬಿಸ್ಕತ್ತಲ್ಲ, ಹಳೇ ಕಾಲದ ಕಂಪ್ಯೂಟರಿನ ಪಂಚ್ ಕಾರ್ಡುಗಳು ಎಂದು ಗೆಳೆಯರೊಬ್ಬರು ಆಸೆ ಹುಟ್ಟಿಸಿದ್ದರು. ಡಬ್ಬಿಯ ಯಜಮಾನರು ಕುಂಬಳೆ ಕಡೆಯವರು. ಮೂವತ್ತು ಚಿಲ್ಲರೆ ವರ್ಷ ಸಾಫ್ಟ್‌ವೇರಿನಲ್ಲಿ ದುಡಿದು ನಿವೃತ್ತರಾದವರು. "ಹೆಸರೆಲ್ಲ ಹಾಕಬೇಡಿ ಮಾರಾಯ್ರೆ, ನಾನೇನು ನಾರಾಯಣಮೂರ್ತಿಯಾ?" ಅಂತ ಬಾಗಿಲಲ್ಲೇ ಕರಾರು ಮಾಡಿಕೊಂಡರು.

ಅವರು ಹುಟ್ಟಿದಾಗ ಕಾಸರಗೋಡು ಸೀಮೆಯೂ ಮದ್ರಾಸೂ ಒಂದೇ ಪ್ರಾಂತ್ಯ. "1956ರಲ್ಲಿ ಊರು ಕೇರಳಕ್ಕೆ ಹೋಯ್ತು. ನಾನು ಮಾತ್ರ ಹಳೇ ರಾಜಧಾನಿಗೇ ಬಂದೆ" ಎಂದು ನಕ್ಕರು. ಬಂದದ್ದು ಕಂಪ್ಯೂಟರ್ ಕಲಿಯಲಿಕ್ಕಲ್ಲ, ಐಐಟಿಯಲ್ಲಿ ಸಿವಿಲ್ ಎಂಜಿನಿಯರಿಂಗ್‌ನ ಎಂ.ಟೆಕ್ ಮಾಡಲಿಕ್ಕೆ.

ಮದ್ರಾಸ್ ಐಐಟಿ 1959ರಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ ಶುರುವಾದದ್ದು. ಅದೇ ನೆರವಿನಲ್ಲಿ 1973ರಲ್ಲಿ ಅಲ್ಲಿಗೆ ಐಬಿಎಂ 370/155 ಎಂಬ ದೊಡ್ಡ ಯಂತ್ರ ಬಂತು. ಕಾನ್ಪುರ ಐಐಟಿಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ಪ್ರೊ. ಎಚ್. ಎನ್. ಮಹಾಬಲ ಅವರು ಮದ್ರಾಸಿಗೆ ಬಂದು ಇಲ್ಲಿನ ಕಂಪ್ಯೂಟರ್ ವಿಜ್ಞಾನಕ್ಕೆ ಅಡಿಪಾಯ ಹಾಕಿದರು. ಭೌತಶಾಸ್ತ್ರ ಓದಲು ಬಂದಿದ್ದ ಹುಡುಗನೊಬ್ಬ ಅಲ್ಲೇ ಕಂಪ್ಯೂಟರಿನ ಕಡೆ ತಿರುಗಿ 1979ರಲ್ಲಿ ಎಂ.ಟೆಕ್ ಮುಗಿಸಿದ. ಆತ ಮುಂದೆ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್. ನಮ್ಮ ಕುಂಬಳೆಯವರೂ ಹಾಗೆಯೇ ತಿರುಗಿದವರು, ಆದರೆ ಕಂಪನಿ ಕಟ್ಟಲಿಲ್ಲ. ತೊಲೆ, ಕಂಬಗಳ ಭಾರದ ಲೆಕ್ಕವನ್ನು ಕೈಯಲ್ಲಿ ಮಾಡಿದರೆ ವಾರಗಟ್ಟಲೆ, ಯಂತ್ರಕ್ಕೆ ಕೊಟ್ಟರೆ ಒಂದೇ ರಾತ್ರಿ. ಆ ಒಂದು ರಾತ್ರಿಯ ರುಚಿ ಸಾಕಾಯಿತು.

ಡಬ್ಬಿ ತೆರೆದರು. ಪೋಸ್ಟ್‌ಕಾರ್ಡಿಗಿಂತ ಉದ್ದದ, ಒಂದು ಮೂಲೆ ಕತ್ತರಿಸಿದ ತೆಳು ರಟ್ಟಿನ ಕಾರ್ಡುಗಳು. ಒಂದೊಂದರಲ್ಲೂ ಎಂಬತ್ತು ಕಾಲಂ, ಹನ್ನೆರಡು ಸಾಲು. ಒಂದು ಕಾಲಮ್ಮಿಗೆ ಒಂದು ಅಕ್ಷರ, ಅದೂ ಇಂಗ್ಲಿಷಿನದು. ಫೋರ್ಟ್ರಾನ್ ಭಾಷೆಯ ಒಂದು ಸಾಲಿಗೆ ಒಂದು ಕಾರ್ಡು. ಮುನ್ನೂರು ಸಾಲಿನ ಪ್ರೋಗ್ರಾಮು ಎಂದರೆ ಮುನ್ನೂರು ಕಾರ್ಡಿನ ಕಟ್ಟು. ಇವರ ಬಾಯಲ್ಲಿ ಅದು 'ಡೆಕ್'. ಕಟ್ಟನ್ನು ಕಂಪ್ಯೂಟರ್ ಕೇಂದ್ರದ ಕಿಟಕಿಯಲ್ಲಿ ಕೊಟ್ಟು ಬಂದರೆ ಮರುದಿನ ಪ್ರಿಂಟ್‌ಔಟ್. ಒಂದು ಅಲ್ಪವಿರಾಮ ತಪ್ಪಿದ್ದರೆ ಆ ಒಂದು ಕಾರ್ಡು ಬದಲಿಸಿ ಮತ್ತೊಂದು ದಿನ ಕಾಯಬೇಕು.

ಕಟ್ಟಿನ ಮೇಲ್ಬದಿಯಲ್ಲಿ ನೀಲಿ ಶಾಯಿಯ ಓರೆಗೆರೆಯೊಂದು ಮೂಲೆಯಿಂದ ಮೂಲೆಗೆ ಹಾದುಹೋಗಿತ್ತು. ಮಕ್ಕಳು ಗೀಚಿದ್ದಿರಬೇಕು ಎಂದುಕೊಂಡೆ. ಅವರು ಆ ಗೆರೆಯ ಕತೆಗೇ ಕಾಯುತ್ತಿದ್ದರು. ಫೋರ್ಟ್ರಾನ್ ಕಾರ್ಡಿನಲ್ಲಿ 73ರಿಂದ 80ರವರೆಗಿನ ಕಾಲಂ ಕ್ರಮಸಂಖ್ಯೆಗೆ ಮೀಸಲು. ಕಟ್ಟು ಕೈಜಾರಿದರೆ ಆ ಸಂಖ್ಯೆ ನೋಡಿ ಜೋಡಿಸಿಕೊಳ್ಳಬಹುದು. ಸೋಮಾರಿಗಳು ಅದನ್ನು ಹಾಕುತ್ತಿರಲಿಲ್ಲ. ಗೆರೆ ಎಳೆದರೆ ಮುಗಿಯಿತು, ಕಾರ್ಡು ಸ್ಥಾನಪಲ್ಲಟವಾದರೆ ಗೆರೆ ಮುರಿಯುತ್ತದೆ. ಒಂದು ಸಂಜೆ ಐಐಟಿಯೊಳಗೆ ಸೈಕಲ್ಲಿಗೆ ಜಿಂಕೆ ಅಡ್ಡ ಬಂತು. ಗಿಂಡಿ ಕಾಡಿಗೆ ಅಂಟಿದ ಕ್ಯಾಂಪಸ್ಸು, ಅಲ್ಲಿ ಈಗಲೂ ಜಿಂಕೆ ಅಡ್ಡ ಬರುತ್ತವೆ. ಕ್ಯಾರಿಯರಿನಲ್ಲಿದ್ದ ಡೆಕ್ ರಸ್ತೆ ತುಂಬ ಚೆಲ್ಲಿತು. "ಬೀದಿ ದೀಪದ ಕೆಳಗೆ ಕೂತು ಗೆರೆ ಕೂಡಿಸಿದೆ. ಎರಡು ಗಂಟೆ! ಜಿಂಕೆ ದೂರದಲ್ಲಿ ನಿಂತು ನೋಡ್ತಾ ಇತ್ತು." ಇವತ್ತಿಗೂ ಅವರ ಮನೆಯ ಕರೆಂಟು ಬಿಲ್ಲುಗಳ ಕಟ್ಟಿನ ಅಂಚಿಗೆ ಓರೆಗೆರೆ ಇದೆ, ಬ್ಯಾಂಕಿನ ರಸೀದಿಗಳಿಗೂ ಇದೆ.

ಕಾಫಿ ತಂದಿಟ್ಟ ಅವರ ಹೆಂಡತಿ ಒಂದು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅದರ ಮೇಲೆ ಅಕ್ಷರ ಅಚ್ಚಾಗಿರಲಿಲ್ಲ, ಬರೀ ತೂತು. "ಕೆ, ಯು, ಎಂ, ಬಿ, ಎಲ್, ಎ. ಕುಂಬ್ಳಾ" ಎಂದು ಓದಿಬಿಟ್ಟರು. ನನಗೆ ಬೆರಗು. ಮೇಲಿಂದ ಎರಡನೇ ಸಾಲಿನಲ್ಲೊಂದು ತೂತು, ಎರಡರ ಅಂಕಿಯ ಮೇಲೊಂದು ತೂತು ಇದ್ದರೆ ಕೆ ಅಂತೆ. ಮೂರನೇ ಸಾಲೂ ನಾಲ್ಕರ ಅಂಕಿಯೂ ಕೂಡಿದರೆ ಯು. ಇವರು ಮೌಂಟ್ ರೋಡಿನ ಆಫೀಸೊಂದರಲ್ಲಿ ಪಂಚ್ ಆಪರೇಟರ್ ಆಗಿದ್ದವರು. ಇಬ್ಬರಲ್ಲಿ ಯಾರನ್ನು ನೋಡಲು ಬಂದೆ ಎಂಬುದು ಆಮೇಲೆ ನನಗೇ ಮರೆತುಹೋಯಿತು.

ಒಬ್ಬಾಕೆ ಪಂಚ್ ಮಾಡಿದ ಕಾರ್ಡನ್ನು ಇನ್ನೊಬ್ಬಾಕೆ ವೆರಿಫೈಯರ್ ಯಂತ್ರಕ್ಕೆ ಹಾಕಿ ಅದೇ ಕಾಗದ ನೋಡಿ ಮತ್ತೆ ಒತ್ತಬೇಕು. ಎರಡೂ ತಾಳೆಯಾದರೆ ಕಾರ್ಡಿನ ಬಲ ಅಂಚಿನಲ್ಲಿ ಸಣ್ಣ ಕಚ್ಚು. ತಾಳೆಯಾಗದಿದ್ದರೆ ತಪ್ಪಿದ ಕಾಲಮ್ಮಿನ ನೆತ್ತಿಯ ಮೇಲೆ ಕಚ್ಚು. "ನೆತ್ತಿ ಕಚ್ಚು ಬಿದ್ದ ಕಾರ್ಡು ಮೇಜಿಗೆ ವಾಪಸ್ ಬಂದ್ರೆ ಎಲ್ಲರೂ ತಿರುಗಿ ನೋಡೋರು. ನನಗೆ ಬಂದದ್ದು ಕಡಿಮೆ" ಎಂದರು. ಯಜಮಾನರು ತಲೆಯಾಡಿಸಿದರು. ಕಂಪ್ಯೂಟರಿನ ಚರಿತ್ರೆ ಬರೆಯುವವರು ಈ ಹೆಂಗಸರ ಬೆರಳುಗಳಿಗೆ ಒಂದು ಪುಟವನ್ನಾದರೂ ಕೊಡಬೇಕಿತ್ತು. ಟರ್ಮಿನಲ್ಲುಗಳು ಬಂದ ಮೇಲೆ ಇವರ ವಿಭಾಗವನ್ನೇ ಮುಚ್ಚಿದರು. ಬೇರೆ ಕೆಲಸ ಕೊಡುತ್ತೇವೆ ಅಂದರಂತೆ, ಇವರು ಹೋಗಲಿಲ್ಲ.

ಯಜಮಾನರ ನೌಕರಿಗಳನ್ನು ಓಡಿಸಿಯೇ ಹೇಳಬೇಕು. ಮೊದಲು ಕಟ್ಟಡ ವಿನ್ಯಾಸದ ಲೆಕ್ಕ. ಆಮೇಲೆ ಕೋಬಾಲ್ ಭಾಷೆ ಕಲಿತು ಕಾರ್ಖಾನೆಯೊಂದರ ಸಂಬಳಪಟ್ಟಿ. ವಿದೇಶಿ ಪಾಲು ಇಳಿಸಬೇಕೆಂಬ ಸರ್ಕಾರದ ಷರತ್ತಿಗೆ ಒಪ್ಪದೆ 1978ರಲ್ಲಿ ಐಬಿಎಂ ದೇಶ ಬಿಟ್ಟಿತು. ಆಗಿನ ಕೈಗಾರಿಕಾ ಸಚಿವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಬಿಟ್ಟುಹೋದ ಯಂತ್ರಗಳ ಆರೈಕೆ ಸರ್ಕಾರಿ ಕಂಪನಿ ಸಿಎಂಸಿಯ ಪಾಲಿಗೆ ಬಂತು. ಇವರೂ ಆಗ ಪ್ರೋಗ್ರಾಮು ಬಿಟ್ಟು ಕೆಲಕಾಲ ಸ್ಕ್ರೂಡ್ರೈವರ್ ಹಿಡಿದರು. ರಂಗರಾಜನ್ ಸಮಿತಿಯ 1984ರ ವರದಿಯ ನಂತರ ಬ್ಯಾಂಕುಗಳಿಗೆ ಲೆಡ್ಜರ್ ಯಂತ್ರಗಳು ಬಂದಾಗ ಅಲ್ಲಿ. ಸಂಜೆ ಕಂಪ್ಯೂಟರ್ ತರಬೇತಿ ಶಾಲೆಯಲ್ಲಿ ಪಾಠ. ನಡುವೆ ಯೂನಿಕ್ಸ್, ಸಿ, ಟೆಲಿಫೋನ್ ಎಕ್ಸ್‌ಚೇಂಜಿನ ಸಾಫ್ಟ್‌ವೇರು. ಪ್ರತಿ ಸಲವೂ ತನಗಿಂತ ಚಿಕ್ಕವರ ಪಕ್ಕ ಕೂತು ಹೊಸ ಪುಸ್ತಕ ತೆರೆದದ್ದು.

1998ರಲ್ಲಿ ಹಳೇ ಕೋಬಾಲ್ ಬಲ್ಲವರಿಗೆ ದಿಢೀರನೆ ಬೇಡಿಕೆ ಬಂತು. ವೈಟುಕೆ. ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಗೆ ಎರಡೇ ಅಂಕಿ. 1976 ಎಂದರೆ ಬರೀ 76. ಹಾಗಾಗಿ 00 ಬಂದಾಗ ಯಂತ್ರ ಅದನ್ನು 1900 ಎಂದುಕೊಳ್ಳುವ ಭಯ. "ಎಂಬತ್ತೇ ಕಾಲಂ ಇದ್ದದ್ದಲ್ವಾ? ಹೆಸರು, ವಿಳಾಸ, ಸಂಬಳ ಎಲ್ಲ ಅದರಲ್ಲೇ ಹಿಡೀಬೇಕು. ಹತ್ತೊಂಬತ್ತು ಅಂತ ಪ್ರತಿ ಸಲ ಬರೆದು ಎರಡು ಕಾಲಂ ಯಾಕೆ ದಂಡ ಮಾಡೋದು ಅಂತ ನಾನೇ ಉಳಿಸಿದ್ದೆ. ಆ ಉಳಿಸಿದ್ದನ್ನು ವಾಪಸ್ ಹಾಕ್ಲಿಕ್ಕೆ ಇಪ್ಪತ್ತು ವರ್ಷ ಆದ್ಮೇಲೆ ನನಗೇ ಸಂಬಳ ಕೊಟ್ರು. ಮೊದಲಿಗಿಂತ ಎಷ್ಟೋ ಪಾಲು ಜಾಸ್ತಿ!" ಈ ಮನೆಯ ಮೇಲಿನ ಮಹಡಿ ಆ ದುಡ್ಡಿನದಂತೆ.

2000ರ ಜುಲೈಯಲ್ಲಿ ತರಮಣಿಯಲ್ಲಿ ಟೈಡಲ್ ಪಾರ್ಕ್ ಎಂಬ ಸಾಫ್ಟ್‌ವೇರ್ ಸಂಕೀರ್ಣ ಉದ್ಘಾಟನೆಯಾಯಿತು. ಇವರ ಕೊನೆಯ ನೌಕರಿ ಅಲ್ಲೇ, ಬೇರೆಯವರು ಬರೆದದ್ದನ್ನು ಪರೀಕ್ಷಿಸುವುದು. "ನೆತ್ತಿ ಕಚ್ಚು ಹಾಕುವ ಕೆಲಸ" ಎಂದು ಹೆಂಡತಿ ಕೀಟಲೆ ಮಾಡುತ್ತಿದ್ದರಂತೆ. ಟೈಡಲ್ ಪಾರ್ಕಿನಿಂದ ಐಐಟಿಯ ಗೇಟು ದೂರವಿಲ್ಲ. ಹಳೆಯ 370 ಅಲ್ಲಿಂದ ಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು.

"ಇದನ್ನು ಓದುವ ಮೆಷಿನ್ ಈಗ ಎಲ್ಲುಂಟು?" ಎನ್ನುತ್ತಾ ಅವರು ಕಾರ್ಡುಗಳನ್ನು ಒಟ್ಟು ಮಾಡಿದರು. ಕುಂಬ್ಳಾ ಎಂದಿದ್ದ ಕಾರ್ಡಿನ ಮೊದಲ ಕಾಲಮ್ಮಿನಲ್ಲಿ ಸಿ ಅಕ್ಷರವಿತ್ತು. ಹಾಗಿದ್ದರೆ ಆ ಸಾಲು ಬರೆದವನಿಗೆ ಮಾತ್ರ, ಯಂತ್ರ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಊರಿನ ಹೆಸರಿಲ್ಲದೆ ಒಂದು ಡೆಕ್ಕನ್ನೂ ಕಿಟಕಿಯಲ್ಲಿ ಕೊಟ್ಟವರಲ್ಲವಂತೆ.

ನನಗೆ ತೋರಿಸುವ ಗಡಿಬಿಡಿಯಲ್ಲಿ ನಾಲ್ಕೈದು ಕಾರ್ಡು ಹಿಂದುಮುಂದಾಗಿದ್ದವು. ಆಕೆ ಕನ್ನಡಕ ಹಾಕಿಕೊಂಡು ಕಟ್ಟನ್ನು ಮೇಜಿಗೆ ಕುಟ್ಟಿ, ಗೆರೆ ಮುರಿದ ಕಡೆ ಒಂದೊಂದನ್ನೇ ಎಳೆದು ಸರಿಯಾದ ಜಾಗಕ್ಕೆ ತೂರಿಸಿದರು. ಶಾಯಿ ಮಾಸಿದ್ದರಿಂದ ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಕುಂಬ್ಳಾ ಕಾರ್ಡನ್ನು ಎಲ್ಲಕ್ಕಿಂತ ಮುಂದಿಟ್ಟು ಡಬ್ಬಿಯ ಮುಚ್ಚಳ ಒತ್ತಿದರು.