ನಿಮಗಿದು ಗೊತ್ತೆ? 108ಕ್ಕಿಂತ 12 ವಾಸಿ!
ಹದಿನೈದು ಸಾವಿರ ರೂಪಾಯಿಯೊಳಗಿನ ಕೆಲವು ಫೋನುಗಳ ಡಬ್ಬದ ಮೇಲೆ ‘108 ಮೆಗಾಪಿಕ್ಸೆಲ್’ ಎಂದು ದಪ್ಪಕ್ಷರದಲ್ಲಿರುತ್ತದೆ. ಆದರೆ 2015ರ 6ಎಸ್‌ನಿಂದ 2021ರ 13ರವರೆಗೆ ಐಫೋನಿನ ಮುಖ್ಯ ಕ್ಯಾಮೆರಾ 12 ಮೆಗಾಪಿಕ್ಸೆಲ್ ದಾಟಲೇ ಇಲ್ಲ! ಚಿತ್ರದ ಗುಣಮಟ್ಟ ನಿಂತಿರುವುದು ಬೆಳಕು ಹಿಡಿಯುವ ಸೆನ್ಸರ್‌ನ ಗಾತ್ರ, ಲೆನ್ಸ್ ಮತ್ತು ಚಿಪ್ ಮೇಲೆ. ಪುಟ್ಟ ಸೆನ್ಸರ್‌ನಲ್ಲಿ ಪಿಕ್ಸೆಲ್‌ಗಳು ಕಿಕ್ಕಿರಿದರೆ ಒಂದೊಂದಕ್ಕೂ ಸಿಗುವ ಬೆಳಕು ಕಡಿಮೆ. ಅದಕ್ಕೇ 108 ಮೆಗಾಪಿಕ್ಸೆಲ್ ಫೋನು ಸಾಮಾನ್ಯವಾಗಿ ಒಂಬತ್ತು ಪಿಕ್ಸೆಲ್‌ಗಳನ್ನು ಒಂದಾಗಿಸಿ, ಕೊನೆಗೆ ಕೊಡುವುದು 12 ಮೆಗಾಪಿಕ್ಸೆಲ್ ಚಿತ್ರವನ್ನೇ. ಅಗ್ಗದ ಫೋನುಗಳ ಬೆನ್ನಿಗಿರುವ 2 ಮೆಗಾಪಿಕ್ಸೆಲ್‌ನ ‘ಮ್ಯಾಕ್ರೊ’ (ತೀರ ಹತ್ತಿರದಿಂದ ಚಿತ್ರ ತೆಗೆಯುವ) ಕ್ಯಾಮೆರಾ ಅಂತೂ ಲೆಕ್ಕಕ್ಕುಂಟು, ಆಟಕ್ಕಿಲ್ಲ. ಮಧ್ಯಮ ದರ್ಜೆಯ ಹಲವು ಫೋನುಗಳಲ್ಲಿ ಕೈನಡುಕ ಸರಿದೂಗಿಸುವ ಓಐಎಸ್ ಇರುತ್ತದೆ. ರಾತ್ರಿ ಆರತಕ್ಷತೆಯ ಫೋಟೊಗೆ ಅದು ದೊಡ್ಡ ಲಾಭ. ದೂರದ್ದನ್ನು ಹತ್ತಿರ ತರುವ ಟೆಲಿಫೋಟೊ ಲೆನ್ಸ್ ಮಾತ್ರ ಬಹುಮಟ್ಟಿಗೆ ದುಬಾರಿ ಫೋನುಗಳ ಸೊತ್ತು.