ಕಂಡ ಆನೆ, ಕೇಳಿದ ಸಿಂಹ

ಮೂಡಿಗೆರೆ ಸೀಮೆಯಲ್ಲಿ ಆನೆ ಎಂದರೆ ಮೆರವಣಿಗೆಯ ಆನೆಯಲ್ಲ, ತೋಟಕ್ಕೆ ಇಳಿಯುವ ಆನೆ. ರಾತ್ರಿ ಬಂದು ಬಾಳೆ ಸೀಳಿ, ಬೈನೆ ಮರ ಕೆಡವಿ, ಕಾಫಿ ಗಿಡಗಳ ನಡುವೆ ತನ್ನದೇ ದಾರಿ ಮಾಡಿಕೊಂಡು, ಬೆಳಕು ಹರಿಯುವಷ್ಟರಲ್ಲಿ ಕಾಡಂಚಿಗೆ ಸರಿದಿರುತ್ತದೆ. ಅದನ್ನು ಕಂಡವರು ಗಾತ್ರಕ್ಕಿಂತ ನಡಿಗೆಯ ಮಾತನ್ನೇ ಹೆಚ್ಚು ಆಡುತ್ತಾರೆ. ಅಷ್ಟು ದೊಡ್ಡ ಮೈ, ಕಾಲಿಟ್ಟ ಸದ್ದೇ ಇಲ್ಲ ಎನ್ನುತ್ತಾರೆ. ಜಾವಳಿಯಿಂದ ಹೊರಟು ಕಲ್ಲಿನ ಆನೆಗಳನ್ನು ನೋಡಲು ಹಳೇಬೀಡಿಗೆ ಹೋಗುವಾಗ ನನ್ನ ತಲೆಯಲ್ಲಿದ್ದ ಪ್ರಶ್ನೆ ಒಂದೇ. ಇವನ್ನು ಕಡೆದವನು ಆನೆಯನ್ನು ಎಲ್ಲಿ ನೋಡಿದ್ದ?

ಜಾವಳಿಯಿಂದಲೇ ಯಾಕೆ ಹೊರಡಬೇಕು ಎಂದರೆ, ಹೊಯ್ಸಳರೂ ಈ ಕಡೆಯಿಂದಲೇ ಹೊರಟವರು. ಹೇಮಾವತಿ ಹುಟ್ಟುವುದು ಜಾವಳಿಯ ಬಳಿ. ಅಲ್ಲೇ ಮೇಲೆ ಬಲ್ಲಾಳರಾಯನದುರ್ಗ. ಅವರ ಮೂಲ ಊರು ಎನ್ನುವ ಸೊಸೆವೂರು ಇದೇ ಮೂಡಿಗೆರೆ ತಾಲ್ಲೂಕಿನ ಅಂಗಡಿ. ದೊಡ್ಡ ಅರಸರಾದ ಮೇಲೂ ಅವರು ‘ಮಲೆಪರೊಳ್ಗಂಡ’ ಎಂಬ ಬಿರುದನ್ನು ಬಿಡಲಿಲ್ಲ. ಮಲೆಯ ನಾಯಕರನ್ನೆಲ್ಲ ಮೀರಿಸಿದವನೆಂಬ ಹೆಮ್ಮೆ ಅದು. ಮಲೆಯಿಂದ ಬೇಲೂರಿಗೆ, ಅಲ್ಲಿಂದ ದೋರಸಮುದ್ರಕ್ಕೆ, ಅಂದರೆ ಇಂದಿನ ಹಳೇಬೀಡಿಗೆ, ಮೆಲ್ಲಗೆ ಬಯಲಿನತ್ತ ಇಳಿದ ಮನೆತನ. ನಾನು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಬಣಕಲ್, ಮೂಡಿಗೆರೆ, ಬೇಲೂರು ದಾಟಿ ಹೋದೆ. ಮೂಡಿಗೆರೆ ಹಿಂದಾದ ಮೇಲೆ ನೆರಳು ತೆಳುವಾಗುತ್ತದೆ, ಗದ್ದೆಯ ಜಾಗಕ್ಕೆ ಹೊಲ ಬರುತ್ತದೆ, ಮಣ್ಣಿನ ಬಣ್ಣವೂ ಬದಲಾಗುತ್ತದೆ.

ಹಳೇಬೀಡಿನಲ್ಲಿ ಗೇಟು ದಾಟಿದರೆ ಮೊದಲು ಹುಲ್ಲುಹಾಸು, ಅದರಾಚೆ ಗುಡಿ. ಶಿಖರವಿಲ್ಲದ ಕಾರಣ ಗುಡಿ ನೆಲಕ್ಕೆ ಒರಗಿ ಕೂತಂತೆ ಕಾಣುತ್ತದೆ. ದೂರದಿಂದ ನೋಡಿದವರಿಗೆ ಇಷ್ಟೇನಾ ಅನ್ನಿಸಿದರೆ ತಪ್ಪಿಲ್ಲ. ಚಪ್ಪಲಿ ಬಿಟ್ಟು ಜಗತಿ ಹತ್ತಿದೆ. ಬಿಸಿಲೇರಿದ ಮೇಲೆ ಈ ಕಲ್ಲು ಕಾಲು ಸುಡುತ್ತದೆ, ಹೋಗುವವರು ಬೆಳಿಗ್ಗೆಯೇ ಹೋಗಬೇಕು. ಕೆಲಸ ಶುರುವಾದದ್ದು 1121ರ ಸುಮಾರಿಗೆ. ಹಲವು ದಶಕ ನಡೆದರೂ ಪೂರ್ತಿಯಾಗಲಿಲ್ಲ. 1311ರಲ್ಲಿ ಮಲಿಕ್ ಕಾಫರನ ದಂಡು ಬಂತು. ಬೇಲೂರು, ಸೋಮನಾಥಪುರಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 2023ರಲ್ಲಿ. ಗುಡಿಯ ಚರಿತ್ರೆ ಇಷ್ಟು ಸಾಕು. ನಾನು ಬಂದದ್ದು ಪ್ರಾಣಿಗಳಿಗಾಗಿ.

ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಪಟ್ಟಿಕೆಗಳಿವೆ. ಎಲ್ಲಕ್ಕಿಂತ ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣ ಕಥೆಗಳು, ಮಕರ, ಕೊನೆಗೆ ಹಂಸ. ನಿಂತುಕೊಂಡೇ ನೋಡುವವರ ಕಣ್ಣು ಕಥೆಗಳಿಗೆ ಹೋಗುತ್ತದೆ. ಗೈಡುಗಳೂ ಅಲ್ಲಿಂದಲೇ ಶುರು ಮಾಡುತ್ತಾರೆ. ಆನೆ ನೋಡಬೇಕಾದರೆ ಕುಕ್ಕರಗಾಲಿನಲ್ಲಿ ಕೂರಲೇಬೇಕು. ಕೂತೆ.

ಒಟ್ಟು ಸಾವಿರದ ಇನ್ನೂರಕ್ಕೂ ಹೆಚ್ಚು ಆನೆಗಳಿವೆ ಎನ್ನುತ್ತಾರೆ, ಎಣಿಸುವ ಗೋಜಿಗೆ ನಾನು ಹೋಗಲಿಲ್ಲ. ಎಣಿಕೆಗಿಂತ ಒಂದೊಂದರ ಚೇಷ್ಟೆ ನೋಡುವುದೇ ರುಚಿ. ಒಂದು ಮುಂದಿನದರ ಬಾಲಕ್ಕೆ ಸೊಂಡಿಲು ಹಾಕಿದೆ. ಇನ್ನೊಂದು ಸೊಂಡಿಲನ್ನು ಒಳಕ್ಕೆ ಸುರುಳಿ ಸುತ್ತಿಕೊಂಡು ತನ್ನ ಪಾಡಿಗೆ ಹೋಗುತ್ತಿದೆ. ಗೋಡೆ ನಕ್ಷತ್ರದ ಆಕಾರದಲ್ಲಿ ಒಳಕ್ಕೆ ಹೊರಕ್ಕೆ ಮಡಚಿಕೊಳ್ಳುವಲ್ಲಿ ಸಾಲೂ ಮಡಚಿಕೊಳ್ಳುತ್ತದೆ. ತಿರುವಿನಲ್ಲೂ ಸಾಲು ತುಂಡಾಗುವುದಿಲ್ಲ.

ಒಂದೇ ಆನೆಯ ಮುಂದೆ ಬಹಳ ಹೊತ್ತು ಕೂತೆ. ನೆತ್ತಿಯ ಮೇಲೆ ಎರಡು ಗುಬಟು, ನಡುವೆ ತಗ್ಗು. ನಮ್ಮ ಏಷ್ಯಾದ ಆನೆಗೆ ಇರುವುದೇ ಹಾಗೆ. ಆಫ್ರಿಕಾದ್ದಕ್ಕೆ ಈ ಜೋಡಿ ಗುಬಟು ಇಲ್ಲ. ಆಮೇಲೆ ಹಿಂಗಾಲು ನೋಡಿದೆ. ದನ, ಕುದುರೆಗಳ ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದ ಒಂದು ಗೆಣ್ಣು ಎದ್ದು ಕಾಣುತ್ತದೆ. ಆನೆಗೆ ಅದು ಕಾಣುವುದಿಲ್ಲ. ಅದರ ಹಿಂಗಾಲು ಮನುಷ್ಯರ ಕಾಲಿನ ಹಾಗೆ ಕೆಳಗೆ, ಮಂಡಿಯಲ್ಲಿ ಮಡಚುತ್ತದೆ. ಆನೆ ನೋಡದೆ ಆನೆ ಬಿಡಿಸುವವರೆಲ್ಲ ಎಡವುವುದು ಇಲ್ಲೇ, ದಪ್ಪ ಮೈಗೆ ಎತ್ತಿನ ಕಾಲು ಹಚ್ಚಿಬಿಡುತ್ತಾರೆ. ಈ ಶಿಲ್ಪಿ ಎಡವಿಲ್ಲ. ಕಾಲು ಕಂಬದಂತೆ ಇಳಿದು ಪಾದದಲ್ಲಿ ತುಸು ಅಗಲವಾಗಿದೆ, ಮೈಯ ಭಾರ ಊರಿದ ಕಾಲಿನ ಮೇಲೆ ಬಿದ್ದಿರುವುದು ಗೊತ್ತಾಗುತ್ತದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಉಳಿ ಇಷ್ಟು ಸಲೀಸಾಗಿ ಓಡಲು ಅದೂ ಕಾರಣ. ಆದರೆ ಮಂಡಿ ಎಲ್ಲಿ ಬರಬೇಕೆಂದು ಮೆದು ಕಲ್ಲು ಹೇಳಿಕೊಡುವುದಿಲ್ಲ.

ಹಾಗಾದರೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದುಕೊಂಡು ಏಳುವಷ್ಟರಲ್ಲಿ ಹೊಟ್ಟೆಯ ಸುತ್ತ ಬಿಗಿದ ಹಗ್ಗ ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಗಂಟೆ, ಮೇಲೆ ಮಾವುತ. ಮುಂದಿನದಕ್ಕೂ ಹಗ್ಗ, ಅದರ ಮುಂದಿನದಕ್ಕೂ. ಇವು ತೋಟಕ್ಕಿಳಿಯುವ ಆನೆಗಳಲ್ಲ, ಲಾಯದ ಆನೆಗಳು, ದಂಡಿನವು. ಅಲ್ಲಲ್ಲಿ ಕಾಲ ಕೆಳಗೆ ಮನುಷ್ಯರೂ ಇದ್ದಾರೆ. ಶಿಲ್ಪಿ ಆನೆಯನ್ನು ಬೇಕಾದಷ್ಟು ನೋಡಿದ್ದ, ನಿಜ. ನೋಡಿದ್ದು ಕಾಡಿನಲ್ಲಲ್ಲ, ರಾಜಧಾನಿಯ ಬೀದಿಯಲ್ಲಿ. ಇದು ನನ್ನ ಊಹೆ, ಶಾಸನದ ಮಾತಲ್ಲ. ಮಲೆನಾಡಿನಿಂದ ಹೋದವನಿಗೆ ಇದರಿಂದ ಸ್ವಲ್ಪ ನಿರಾಸೆಯಾಯಿತೆಂದೂ ಹೇಳಿಬಿಡುತ್ತೇನೆ.

ಮೇಲಿನ ಪಟ್ಟಿಕೆಗೆ ಕಣ್ಣೆತ್ತಿದರೆ ಬೇರೆಯೇ ಲೋಕ. ಸಿಂಹಗಳೆಲ್ಲ ಒಂದೇ ಎರಕದವು. ಉಂಗುರ ಉಂಗುರದ ಕೇಸರ, ಉರುಟು ಕಣ್ಣು, ತೆರೆದ ಬಾಯಿ, ಎತ್ತಿದ ಪಂಜ. ಚೆಲುವಿಗೆ ಏನೂ ಕಮ್ಮಿಯಿಲ್ಲ, ಆದರೆ ಅವುಗಳಿಗೆ ತೂಕವಿಲ್ಲ. ಕೆಳಗಿನ ಆನೆಯನ್ನು ತಳ್ಳಿದರೆ ಅದು ತಿರುಗಿ ತಳ್ಳೀತು. ಈ ಸಿಂಹಗಳನ್ನು ಎತ್ತಿ ಇನ್ನೊಂದು ಗುಡಿಯ ಗೋಡೆಗೆ ಹಚ್ಚಿದರೂ ನಡೆದೀತು. ನರ್ಮದೆಯಿಂದ ಈಚೆಗೆ ಸಿಂಹ ಇತ್ತೆಂಬುದಕ್ಕೆ ಪುರಾವೆಯಿಲ್ಲ. ಶಿಲ್ಪಿಗೆ ಅದು ಗುರುವಿನಿಂದ, ಶಿಲ್ಪಶಾಸ್ತ್ರದಿಂದ, ಹಳೆಯ ಗುಡಿಗಳಿಂದ ಬಂದ ಪ್ರಾಣಿ. ಜರ್ಮನಿಯ ಡ್ಯೂರರ್ 1515ರಲ್ಲಿ ಖಡ್ಗಮೃಗದ ಚಿತ್ರ ಮಾಡಿದ್ದೂ ಹೀಗೆಯೇ. ನಮ್ಮ ಗುಜರಾತಿನ ಸುಲ್ತಾನ ಕೊಟ್ಟ ಪ್ರಾಣಿ ಹಡಗಿನಲ್ಲಿ ಲಿಸ್ಬನ್ನಿಗೆ ಹೋಗಿತ್ತು. ಡ್ಯೂರರ್ ಅದನ್ನು ನೋಡಲೇ ಇಲ್ಲ, ಯಾರೋ ಬರೆದು ಕಳಿಸಿದ ವಿವರ ನೆಚ್ಚಿ ಕೂತ. ಮೈಗೆ ಕಬ್ಬಿಣದ ಕವಚ ತೊಡಿಸಿದಂತೆ ಮಾಡಿ, ಬೆನ್ನ ಮೇಲೆ ಇಲ್ಲದ ಇನ್ನೊಂದು ಕೊಂಬು ಮೂಡಿಸಿದ. ಆ ಚಿತ್ರವನ್ನು ಯುರೋಪು ತಲೆಮಾರುಗಳ ಕಾಲ ನಂಬಿತು.

ಬಳ್ಳಿ, ಕುದುರೆಗಳ ಮುಂದೆ ಬೇಗ ದಾಟಿದೆ. ಮಕರದ ಬಳಿ ಮಾತ್ರ ನಗು ಬಂತು. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಂದಿಯ ಮೈ, ಸಿಂಹದ ಕಾಲು, ನವಿಲಿನ ಬಾಲ. ಯಾರೂ ಕಂಡಿರದ ಈ ಪ್ರಾಣಿಯೇ ಸಿಂಹಕ್ಕಿಂತ ಜೀವಂತವಾಗಿದೆ. ಸಿಂಹದ ಕಾಲೊಂದನ್ನು ಬಿಟ್ಟರೆ ಬಿಡಿ ಅಂಗಗಳೆಲ್ಲ ಶಿಲ್ಪಿ ಕಣ್ಣಾರೆ ಕಂಡಿರಬಹುದಾದ ಪ್ರಾಣಿಗಳವು, ಅದಕ್ಕೇ ಇರಬೇಕು. ಮೇಲಿನ ಹಂಸಗಳ ಬಾಲ ಬಳ್ಳಿಯಾಗಿ ಹರಿದುಹೋಗಿದ್ದರೂ ಕೊರಳ ಬಾಗು ಹಕ್ಕಿಯದೇ. ಪಕ್ಕದಲ್ಲೇ ದೋರಸಮುದ್ರದ ಕೆರೆ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಈಗಲೂ ಚಳಿಗಾಲ ಕಳೆಯುವುದು ಮೈಸೂರು ಕಡೆಯ ಕೆರೆಗಳಲ್ಲಿ. ಹಂಸದ ಕೊರಳನ್ನು ಶಿಲ್ಪಿ ನೀರಿನ ದಂಡೆಯಲ್ಲಿ ಕೂತು ಕಲಿತಿದ್ದರೆ ಆಶ್ಚರ್ಯವಿಲ್ಲ.

ಕಾಡು ಸಿಕ್ಕಿದ್ದು ನಾನು ಹುಡುಕದ ಜಾಗದಲ್ಲಿ. ಗೋವರ್ಧನಗಿರಿಯನ್ನು ಎತ್ತಿ ಹಿಡಿದ ಕೃಷ್ಣ, ಕೈಲಾಸವನ್ನು ಅಲುಗಿಸುವ ರಾವಣ, ಈ ದೊಡ್ಡ ಮೂರ್ತಿಗಳಲ್ಲಿ ಎಲ್ಲರೂ ನೋಡುವುದು ದೇವರನ್ನು, ರಾಕ್ಷಸನನ್ನು. ಬೆಟ್ಟವನ್ನು ನೋಡಿ. ಬೆಟ್ಟವೆಂದು ತೋರಿಸಲು ಶಿಲ್ಪಿ ಅಲ್ಲಿ ಮರ, ಮೃಗಗಳನ್ನೆಲ್ಲ ಹೆಬ್ಬೆರಳ ಗಾತ್ರಕ್ಕೆ ಇಳಿಸಿ ತುಂಬಿದ್ದಾನೆ. ಇಲ್ಲಿ ಹಗ್ಗವಿಲ್ಲ, ಗಂಟೆಯಿಲ್ಲ, ಸಾಲೂ ಇಲ್ಲ. ಶಾಸ್ತ್ರದ ಅಳತೆ ದೇವರ ಮೈಗೆ ಉಂಟು, ಬೆಟ್ಟದ ಸಂದಿಯಲ್ಲಿ ಕೂತ ಕೋತಿಗೆ ಇದ್ದಂತಿಲ್ಲ. ಅಲ್ಲಿ ಅವನಿಗೆ ಮನಬಂದಂತೆ ಕೆಲಸ ಮಾಡುವ ಸಲಿಗೆ ಸಿಕ್ಕಿತ್ತು ಅನ್ನಿಸಿತು. ಬೇಲೂರಿನ ಮದನಿಕೆಗಳಲ್ಲೂ ಹೀಗೆಯೇ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಪಾದದಡಿ ತಮ್ಮ ಹೆಸರು ಕೆತ್ತಿದ ಸಾಲು ಅದು. ಒಬ್ಬಳ ಸೀರೆ ಎಳೆಯುವ ಕೋತಿಯಲ್ಲಿ, ಇನ್ನೊಂದೆಡೆ ಹಣ್ಣಿನ ಮೇಲೆ ಕೂತ ನೊಣಕ್ಕೆ ಹೊಂಚುವ ಹಲ್ಲಿಯಲ್ಲಿ ಕಾಣುವುದು ಮನೆಯ ಹಿತ್ತಿಲು.

ಗುಡಿಯ ಒಳಗೆ ಕತ್ತಲು, ಕಡೆದ ಕಂಬಗಳ ನುಣುಪು. ಪ್ರಾಣಿಗಳಿಗಾಗಿ ಬಂದವನಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಹೊರಬಂದು ನಂದಿ ಮಂಟಪದಲ್ಲಿ ಕೂತೆ. ಒಡವೆ ಎಷ್ಟೇ ಹೇರಿದ್ದರೂ ಕೊರಳಿನ ಗಂಗೆದೊಗಲು ಹಟ್ಟಿಯ ಎತ್ತಿನದೇ.

ಹಿಂದಿರುಗುವಾಗ ಬೇಲೂರಿನಲ್ಲಿ ಇಳಿದು, ಬಾಗಿಲ ಪಕ್ಕದ ಸಳನನ್ನು ಇನ್ನೊಮ್ಮೆ ನೋಡಿದೆ. ನಮ್ಮ ಅಂಗಡಿಯ ವಸಂತಿಕೆಯ ಗುಡಿಯ ಬಳಿ ಹೊಯ್ಸಳರ ಮೂಲಪುರುಷ ಸಳ ಹುಲಿ ಹೊಡೆದನೆಂಬುದು ಕಥೆ. ಕಲ್ಲಿನಲ್ಲಿರುವ ಮೃಗಕ್ಕೆ ಗುಂಗುರು ಕೇಸರವಿದೆ, ಪಟ್ಟೆಯಿಲ್ಲ. ಚೋಳರ ಲಾಂಛನ ಹುಲಿ, 1116ರಲ್ಲಿ ತಲಕಾಡಿನಲ್ಲಿ ಅವರನ್ನು ಸೋಲಿಸಿದ ನೆನಪಿಗೆ ಹೊಯ್ಸಳರ ಈ ಲಾಂಛನ ಎನ್ನುವ ವಿದ್ವಾಂಸರಿದ್ದಾರೆ. ಅದನ್ನೊಪ್ಪಿದರೂ ಕೇಸರದ ಕಗ್ಗಂಟು ಬಿಡುವುದಿಲ್ಲ. ಕುದುರೆಮುಖದ ಸೆರಗಿನಲ್ಲಿ ಹುಲಿ ಇಂದಿಗೂ ಇದೆ. ಹುಲಿಯ ನಾಡಿನಿಂದ ಬಂದ ಅರಸರು ತಮ್ಮ ಗುರುತಿಗೆ ಕಾಣದ ಊರಿನ ಸಿಂಹದ ಮೈ ತೊಡಿಸಿದರು. ಅರಮನೆಗೆ ಬೇಕಾದದ್ದು ಗಾಂಭೀರ್ಯ, ಪಟ್ಟೆಯಲ್ಲ ಎಂದುಕೊಂಡೆ.

ಹುಲಿ ಬೇಕಾದರೆ ವೀರಗಲ್ಲುಗಳ ಬಳಿ ಹೋಗಬೇಕು. ಕರ್ನಾಟಕದ ಹಳ್ಳಿಗಳಲ್ಲಿ ಹುಲಿಯೊಡನೆ, ಹಂದಿಯೊಡನೆ ಹೋರಾಡಿ ಸತ್ತವರಿಗೆ ನಿಲ್ಲಿಸಿದ ಕಲ್ಲುಗಳು ಎಷ್ಟೋ ಇವೆ. ಕೆಲಸ ಒರಟು, ಕಾಲು ಸೊಟ್ಟ, ಪ್ರಮಾಣ ಅಷ್ಟಕ್ಕಷ್ಟೆ. ಆದರೆ ಮೃಗ ಯಾವ ಕಡೆಯಿಂದ ಎರಗಿತು, ಆಯುಧ ಎಲ್ಲಿ ನಾಟಿತು ಎಂಬುದು ಅವುಗಳಲ್ಲಿ ಸ್ಪಷ್ಟ. ಹಳೇಬೀಡಿನ ಸಾವಿರ ಆನೆಗಳಲ್ಲಿ ನನಗೆ ಸಿಗದ ಒಂದು ಸಂಗತಿ ಈ ಒರಟು ಕಲ್ಲುಗಳಲ್ಲಿದೆ: ಇಲ್ಲಿನ ಪ್ರಾಣಿ ಇಂಥ ದಿನ, ಇಂಥ ಊರಿನಲ್ಲಿ, ಇಂಥವರಿಗೆ ಎದುರಾದ ಪ್ರಾಣಿ.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಳೇಬೀಡಿನ ಗುಡಿಗಿಂತ ಹೆಚ್ಚುಕಮ್ಮಿ 170 ವರ್ಷ ಹಳೆಯದು, 949–50ರದ್ದು. ಮೇಲೆ ನಾಯಿಯೂ ಕಾಡುಹಂದಿಯೂ ಒಂದರ ಮೇಲೊಂದು ಎರಗಿವೆ. ನಾಯಿಗೆ ಕಾಳಿ ಎಂದು ಹೆಸರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಬಳಿ ಇದ್ದದ್ದನ್ನು ಮಣಲೆರ ಎಂಬ ವೀರ ಬೇಡಿ ಪಡೆದಿದ್ದ. ಬೆಳತೂರಿನ ಬಳಿ ಹಂದಿಯ ಮೇಲೆ ಬಿಟ್ಟಾಗ ಎರಡೂ ಸತ್ತವು. ಕಾಳಿಗೆ ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿ ಮಾಡಿದ ಪಾಪ ತಟ್ಟುತ್ತದೆಂದು ಬರೆಸಿದ್ದಾರೆ.